ಮಜ್ಜಿಗೆಯಲ್ಲಿ ಗುಳಿಗೆ ಕಲಸಿ ಕುಡಿಸಲೇ?

ಪ್ರಶ್ನೆ: ನಾವು ಮುಧೋಳದ ಹತ್ತಿರದ ಹಳ್ಳಿಯವರು. ತಮ್ಮನಿಗೆ 21 ವರ್ಷ. ಬೆಳಗಾವಿಯಲ್ಲಿ ಹಾಸ್ಟೆಲ್‌ನಲ್ಲಿದ್ದು ಓದುತ್ತಿದ್ದವನು ಮೂರು ತಿಂಗಳ ಹಿಂದೆ ಓದು ಬಿಟ್ಟು ಬಂದ. ರಾತ್ರಿ ಮಲಗುವುದಿಲ್ಲ. ಪಕ್ಕದ ಮನೆಯವರು ಗೋಡೆಯಾಚೆ ನಿಂತು ಬೈಯುತ್ತಾರೆ ಅನ್ನುತ್ತಾನೆ. ಊಟದಲ್ಲಿ ಏನೋ ಬೆರೆಸಿದ್ದೀರಿ ಅಂತ ತಾಟು ಸರಿಸುತ್ತಾನೆ. ಡಾಕ್ಟರ ಹತ್ತಿರ ಬರಲು ಒಪ್ಪುವುದಿಲ್ಲ. ಕಾಕಾ ಎಲ್ಲಿಂದಲೋ ಗುಳಿಗೆ ತಂದು, ಮಜ್ಜಿಗೆಯಲ್ಲಿ ಕಲಸಿ ಕೊಡಿ, ಆಮೇಲೆ ಮದುವೆ ಮಾಡಿದರೆ ಸರಿಹೋಗುತ್ತಾನೆ ಅಂತಾರೆ. ಇದು ಸ್ಕಿಜೋಫ್ರೇನಿಯಾನಾ? ಏನು ಮಾಡಲಿ?

ಉತ್ತರ: ಕಲಸಬೇಡಿ. ಊಟದಲ್ಲಿ ಏನೋ ಬೆರೆಸುತ್ತಾರೆ ಅನ್ನುವುದೇ ಅವನ ದಿಗಿಲು. ಒಂದು ದಿನ ಲೋಟದ ತಳದಲ್ಲಿ ಬಿಳಿ ಪುಡಿ ಕಂಡರೆ ಸಾಕು, ಅವನ ಅನುಮಾನಕ್ಕೆ ನೀವೇ ಸಾಕ್ಷಿ ಒದಗಿಸಿದಂತೆ. ಆಮೇಲೆ ಅವ್ವನ ಕೈಯಿಂದ ನೀರೂ ಕುಡಿಯಲಿಕ್ಕಿಲ್ಲ. ಇಂಥ ಕಾಯಿಲೆಗೆ ಕೊಡುವ ಕೆಲವು ಗುಳಿಗೆಗಳಿಂದ ಕೈ ನಡುಗಬಹುದು, ಕತ್ತು, ದವಡೆ ಸೆಟೆದುಕೊಳ್ಳಬಹುದು. ಡಾಕ್ಟರ ಕಣ್ಣಳತೆಯಲ್ಲಿದ್ದರೆ ಅದಕ್ಕೆ ಪರಿಹಾರ ಇದೆ. ಏನು ಕುಡಿದೆ ಅಂತಲೇ ಗೊತ್ತಿಲ್ಲದ ಹುಡುಗನ ಗತಿ? ಈಗಾಗಲೇ ಕೊಟ್ಟಿದ್ದರೆ ಆ ಗುಳಿಗೆಯ ಸ್ಟ್ರಿಪ್ಪನ್ನು ಡಾಕ್ಟರಿಗೆ ಮುಚ್ಚಿಡದೆ ತೋರಿಸಿ.

ಆ ಬೈಗುಳ ಅವನಿಗೆ ನಿಜವಾಗಿಯೂ ಕೇಳಿಸುತ್ತದೆ, ನಾಟಕವಲ್ಲ. "ಯಾರೂ ಇಲ್ಲ, ಸುಮ್ನಿರು" ಅಂದರೆ ಜಗಳ. "ಹೌದು, ಬೈಯ್ತಾರ" ಅಂತ ಹೂಂಗುಟ್ಟಿದರೆ ಅಂಜಿಕೆ ಜಾಸ್ತಿ. "ನನಗಂತೂ ಕೇಳಸವಲ್ದೋ ತಮ್ಮಾ. ಆದ್ರ ನಿನಗ ರಾತ್ರಿಯೆಲ್ಲಾ ಹಿಂಗಾದ್ರ ಎಷ್ಟು ತ್ರಾಸ ಆಗಿರಬೇಕು" ಅನ್ನಿ. ಆಮೇಲೆ ನಿದ್ದೆಯ ಮಾತಿಗೆ ಬನ್ನಿ. "ನಿದ್ದಿ ಸಲುವಾಗಿ ಡಾಕ್ಟರಿಗೆ ತೋರಸೂಣು" ಅಂದರೆ ಸುಳ್ಳೇನಲ್ಲ, ನಿದ್ದೆ ಕೆಟ್ಟಿದ್ದು ನಿಜ ತಾನೇ. ಮೊದಲ ಸಲ ಒಪ್ಪದಿದ್ದರೆ ಅಲ್ಲಿಗೇ ಬಿಟ್ಟು, ಅವನು ಸ್ವಲ್ಪ ಸಮಾಧಾನವಾಗಿದ್ದಾಗ ಮತ್ತೆ ಕೇಳಿ. ಅವನು ನಂಬುವ ಗೆಳೆಯನೊಬ್ಬ ಇದ್ದರೆ ಜೊತೆಗೆ ಕರೆದುಕೊಳ್ಳಿ. ಕಾಕಾ ಬೇಡ.

ಇಲ್ಲದ ದನಿ ಕೇಳುವುದು, ಎಷ್ಟು ಹೇಳಿದರೂ ಬಿಡದ ಅನುಮಾನ, ಇದನ್ನು ಸೈಕೋಸಿಸ್ ಅನ್ನುತ್ತಾರೆ. ಸ್ಕಿಜೋಫ್ರೇನಿಯಾ ಅದಕ್ಕೆ ಒಂದು ಕಾರಣ ಅಷ್ಟೇ. ಗಾಂಜಾ, ಬೈಪೋಲಾರ್ (ಮನಸ್ಸು ಒಮ್ಮೆ ವಿಪರೀತ ಉಬ್ಬಿ, ಒಮ್ಮೆ ಕುಸಿಯುವ ಕಾಯಿಲೆ), ತೀವ್ರ ಖಿನ್ನತೆ, ಅಪರೂಪಕ್ಕೆ ಥೈರಾಯ್ಡ್ ಅಥವಾ ಮೆದುಳಿನ ಸೋಂಕಿನಿಂದಲೂ ಹೀಗಾಗಬಹುದು. ಹಾಸ್ಟೆಲ್‌ನಲ್ಲಿ ಏನಾದರೂ ಸೇದುತ್ತಿದ್ದನಾ ಅಂತ ಗದರಿಸದೆ ಕೇಳಿ. ಕಾಯಿಲೆಗೆ ಹೆಸರಿಡಲು ಡಾಕ್ಟರಿಗೂ ಕೆಲವು ತಿಂಗಳು ಬೇಕಾಗಬಹುದು. ಚಿಕಿತ್ಸೆ ಅದಕ್ಕಾಗಿ ಕಾಯಬೇಕಿಲ್ಲ, ಬೇಗ ಶುರುವಾದಷ್ಟೂ ಒಳ್ಳೆಯದು. ಗುಳಿಗೆ ನಾಟಲು ಕೆಲವು ವಾರ ಹಿಡಿಯುತ್ತದೆ. ಆರಾಮಾದ ಮೇಲೂ ಸಾಮಾನ್ಯವಾಗಿ ಒಂದೆರಡು ವರ್ಷ ಮುಂದುವರಿಸಬೇಕು. ಹೆಚ್ಚಿನವರು ಎಡವುವುದು ಇಲ್ಲೇ, ಆರಾಮಾಯಿತು ಅಂತ ಬಿಟ್ಟುಬಿಡುತ್ತಾರೆ.

ಮದುವೆ ಇದಕ್ಕೆ ಔಷಧವಲ್ಲ. ಮುಚ್ಚಿಟ್ಟು ಮಾಡಿದರೆ ಬರುವ ಹುಡುಗಿಗೆ ಮೋಸ. ಈಗ ಆ ಮಾತೇ ಬೇಡ.

ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ನೀವೇ ಫೋನ್ ಮಾಡಿ. ದುಡ್ಡು ಬೀಳುವುದಿಲ್ಲ, ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ತೋರಿಸಲು ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆ ಇದೆ, ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಇದೆ. ನಮ್ಮ ಕಡೆ "ಧಾರವಾಡಕ್ಕ ಕಳಸ್ಬೇಕು" ಅನ್ನುವುದು ಇನ್ನೂ ಬೈಗುಳವೇ. ಅಂದುಕೊಳ್ಳುವವರು ಅಂದುಕೊಳ್ಳಲಿ ಬಿಡಿ.

ಸಾಯುತ್ತೇನೆ ಅಂದರೆ, ಪಕ್ಕದ ಮನೆಯವರ ಮೇಲೆ ಏರಿ ಹೋದರೆ, ಅನ್ನ ನೀರು ಪೂರ್ತಿ ಬಿಟ್ಟರೆ ಅವನ ಒಪ್ಪಿಗೆಗೆ ಕಾಯದೆ ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ಅಂಥ ಹೊತ್ತಿನಲ್ಲಿ ಮನೆಯವರ ಅರ್ಜಿಯ ಮೇಲೆ ದಾಖಲಿಸಿಕೊಳ್ಳಲು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಅವಕಾಶವಿದೆ.