ಯಂತ್ರ ಬರಲಿ, ಸಿಸ್ಟರ್ ಮೊದಲು ಬರಲಿ

ಕೊಡಗಿನ ಸಿದ್ದಾಪುರದಿಂದ ನಾಲ್ಕು ಪುಟದ ಪತ್ರ. ಬರೆದವರು ಹೆಸರು ಹಾಕಬೇಡಿ ಎಂದಿದ್ದಾರೆ. 2020ರಲ್ಲಿ ಅತ್ತಿಗೆಯ ಸ್ತನ ಕ್ಯಾನ್ಸರಿಗೆ 25 ದಿನ ಎಂದಿದ್ದ ರೇಡಿಯೇಶನ್ ಅನ್ನು 15ಕ್ಕೆ ಇಳಿಸಿ 'ಕೊರೋನಾ ಹೆಸರಲ್ಲಿ ಕೈತೊಳೆದುಕೊಂಡರು' ಎಂಬುದು ಮೊದಲ ದೂರು. ಕೀಮೋ ನಡುವೆ ಜ್ವರ ಬಂದಾಗ ಗೇಟಿನಲ್ಲೇ ತಡೆದು ಸ್ವಾಬ್ ವರದಿ ಕೇಳಿದರು ಎಂಬುದು ಎರಡನೆಯದು. ಕೊನೆಗೊಂದು ಬೇಡಿಕೆ: 'ಮಡಿಕೇರಿಗೆ ರೇಡಿಯೇಶನ್ ಯಂತ್ರ ಬರುವ ತನಕ ಬೇರೆ ಮಾತೇ ಬೇಡ.'

ಮಾನ್ಯರೇ, ಮೊದಲ ದೂರನ್ನು ದಯವಿಟ್ಟು ಹಿಂದಕ್ಕೆ ತೆಗೆದುಕೊಳ್ಳಿ. 25 ದಿನದ ಪದ್ಧತಿಯಲ್ಲಿ ದಿನಕ್ಕೆ 2 ಗ್ರೇ (ಗ್ರೇ ಎಂದರೆ ವಿಕಿರಣದ ಅಳತೆ), ಒಟ್ಟು 50. 15 ದಿನದ್ದರಲ್ಲಿ ದಿನಕ್ಕೆ 2.67, ಒಟ್ಟು 40. ಒಟ್ಟು ಇಳಿದರೂ ದಿನದ ಪಾಲು ಏರುವುದರಿಂದ ಗಡ್ಡೆಗೆ ಬೀಳುವ ಪೆಟ್ಟು ಕಮ್ಮಿಯಾಗುವುದಿಲ್ಲ. ಬ್ರಿಟನ್ನಿನಲ್ಲಿ ಇದನ್ನು ಹತ್ತು ವರ್ಷ ಹಿಂಬಾಲಿಸಿ ನೋಡಿದ ಫಲಿತಾಂಶ 2013ರಲ್ಲೇ ಬಂದಿತ್ತು. 2020ರ ಏಪ್ರಿಲ್‌ನಲ್ಲಿ ಅಲ್ಲಿಂದಲೇ ಐದೇ ದಿನ, 26 ಗ್ರೇ ಎಂಬ ಇನ್ನೊಂದು ವರದಿಯೂ ಬಂತು. ಗೊತ್ತಿದ್ದೂ ಹಳೆಯ ಲೆಕ್ಕಕ್ಕೇ ಅಂಟಿಕೊಂಡಿದ್ದ ಎಷ್ಟೋ ಕಡೆ ಸೋಂಕಿನ ಭಯ ಇದನ್ನು ಜಾರಿಗೆ ತಂದಿತು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ನಿಮ್ಮ ಅತ್ತಿಗೆಗೆ ಹತ್ತು ದಿನದ ಓಡಾಟ, ಲಾಡ್ಜಿನ ಬಾಡಿಗೆ ಉಳಿಯಿತು.

ಗಂಟಲು, ನಾಲಿಗೆಯ ಕ್ಯಾನ್ಸರಿನಲ್ಲಿ ಮಾತ್ರ ಹೀಗೆ ದಿನ ಕತ್ತರಿಸುವುದು ಸುಲಭವಲ್ಲ. ಅಲ್ಲಿ 33ರಿಂದ 35 ಸಿಟ್ಟಿಂಗ್, 66ರಿಂದ 70 ಗ್ರೇ. ನಾಲ್ಕನೇ ವಾರದ ಹೊತ್ತಿಗೆ ಉಳಿದ ಜೀವಕೋಶಗಳು ಬೇಗ ಬೇಗ ಬೆಳೆಯತೊಡಗುತ್ತವೆ. ಅನಂತರ ತಪ್ಪಿದ ಒಂದೊಂದು ದಿನಕ್ಕೂ ರೋಗ ಹತೋಟಿಗೆ ಬರುವ ಸಾಧ್ಯತೆ ಸುಮಾರು ಶೇ 1ರಷ್ಟು ಕುಸಿಯುತ್ತದೆ. ತಪ್ಪಿದ ದಿನವನ್ನು ತುಂಬಲು ಶನಿವಾರ ಯಂತ್ರ ಓಡಿಸಬೇಕು, ಇಲ್ಲವೇ ಒಂದೇ ದಿನ ಕನಿಷ್ಠ ಆರು ಗಂಟೆ ಅಂತರದಲ್ಲಿ ಎರಡು ಸಲ ಕೊಡಬೇಕು.

ಕೊರೋನಾ ಕಾಲದಲ್ಲಿ ಆ ಯಂತ್ರ ಓಡಿಸಿದವರು ಯಾರು? ಟೆಕ್ನಾಲಜಿಸ್ಟ್‌ಗೆ 'ಮನೆಯಿಂದಲೇ ಕೆಲಸ' ಇರಲಿಲ್ಲ. ತಲೆ ಅಲುಗದಿರಲೆಂದು, ಬಿಸಿನೀರಲ್ಲಿ ಮೆದುಮಾಡಿ ಮುಖಕ್ಕೆ ಅಚ್ಚೊತ್ತಿದ ಪ್ಲಾಸ್ಟಿಕ್ ಜಾಲರಿಯನ್ನು ಬರೀ ಮುಖದ ಮೇಲೆಯೇ ಬಿಗಿಯಬೇಕು. ಅಂದರೆ ಕೆಮ್ಮುವ ರೋಗಿ ಮಾಸ್ಕ್ ತೆಗೆದು ಮಲಗುತ್ತಾನೆ, ಇವರು ಒಂದಡಿ ದೂರದಲ್ಲಿ ಬಗ್ಗಿ ಗುರುತು ಹೊಂದಿಸುತ್ತಾರೆ. ಪ್ರತಿಯೊಬ್ಬರ ಬಳಿಕ ಮಂಚ, ಅಚ್ಚು, ಹಿಡಿಕೆ ಎಲ್ಲ ಒರೆಸಬೇಕು. ಸಿಬ್ಬಂದಿಯನ್ನು ಎರಡು ತಂಡ ಮಾಡಿದ್ದರೂ ಒಬ್ಬರಿಗೆ ಪಾಸಿಟಿವ್ ಬಂದರೆ ಆ ತಂಡವೆಲ್ಲ 14 ದಿನ ಹೊರಗಿರಬೇಕಿತ್ತು. ಉಳಿದವರಿಗೆ ಎರಡು ಪಟ್ಟು ಕೆಲಸ. ಕೀಮೋ ವಾರ್ಡಿನ ಸಿಸ್ಟರ್ ಪಾಡು ಇನ್ನೂ ಕಷ್ಟ. ಪಿಪಿಇಯೊಳಗೆ ಬೆವರು, ಕನ್ನಡಕದ ಮೇಲೆ ಮಂಜು, ಅದರಾಚೆ ನರ ಹುಡುಕಬೇಕು. ರೋಗಿಗಳು 'ಕೆಂಪು ಮದ್ದು' ಎನ್ನುವ ಡಾಕ್ಸೊರುಬಿಸಿನ್ ನರದಿಂದ ಹೊರಗೆ ಸೋರಿದರೆ ಚರ್ಮ, ಮಾಂಸ ಸುಟ್ಟು ಹುಣ್ಣಾಗುತ್ತದೆ.

ದೇಶದ 41 ಕ್ಯಾನ್ಸರ್ ಕೇಂದ್ರಗಳ ಲೆಕ್ಕ ನೋಡಿ. 2020ರ ಮಾರ್ಚ್‌ನಿಂದ ಮೇ ತನಕ, ಹಿಂದಿನ ವರ್ಷಕ್ಕೆ ಹೋಲಿಸಿದರೆ, ಹೊಸ ನೋಂದಣಿ ಶೇ 54, ದೊಡ್ಡ ಶಸ್ತ್ರಚಿಕಿತ್ಸೆ ಶೇ 49 ಕುಸಿಯಿತು. ರೇಡಿಯೇಶನ್ ಕುಸಿದದ್ದು ಶೇ 23 ಮಾತ್ರ. ನೀವು ಬೈದವರು ಯಂತ್ರ ನಿಲ್ಲಿಸಲಿಲ್ಲ ಎಂಬುದಕ್ಕೆ ಈ ಅಂಕಿಯೇ ಸಾಕ್ಷಿ.

ಎರಡನೇ ದೂರಿನಲ್ಲಿ ನ್ಯಾಯ ನಿಮ್ಮ ಕಡೆಗಿದೆ. ಕೀಮೋ ಆದ 7ರಿಂದ 14 ದಿನದೊಳಗೆ ಬಿಳಿ ರಕ್ತಕಣ ತೀರಾ ಕೆಳಗಿಳಿಯುತ್ತದೆ. ಅದರಲ್ಲಿ ಸೋಂಕಿನೊಡನೆ ಹೋರಾಡುವ ನ್ಯೂಟ್ರೋಫಿಲ್ ಎಂಬ ಕಣ 500ಕ್ಕಿಂತ ಕಮ್ಮಿಯಾಗಿ ಜ್ವರ ಬಂದರೆ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ನರಕ್ಕೆ ಹೋಗಬೇಕು. ಸ್ವಾಬ್ ತೆಗೆಯಲಿ, ಬೇಡವೆನ್ನುವುದಿಲ್ಲ, ಆದರೆ ವರದಿ ಬರುವ ತನಕ ಡ್ರಿಪ್ ತಡೆಯುವುದು ತಪ್ಪು. ಆ ಗೇಟಿನ ನಿಯಮ ಬರೆದವರು ಮಾತ್ರ ಸಿಸ್ಟರ್‌ಗಳಲ್ಲ.

ಯಂತ್ರದ ಮಾತು. ಬೇಕು, ಒಪ್ಪಿದೆ. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆ ಐದೂವರೆ ಲಕ್ಷ. ಲಕ್ಷಕ್ಕೆ ವರ್ಷಕ್ಕೆ ನೂರು ಹೊಸ ರೋಗಿಗಳೆಂದು ಹಿಡಿದರೂ 550, ಅದರಲ್ಲಿ ಅರ್ಧದಷ್ಟು ಜನಕ್ಕೆ ರೇಡಿಯೇಶನ್. ಆದರೆ ಯಂತ್ರಕ್ಕೆ ಮೀಟರುಗಟ್ಟಲೆ ದಪ್ಪದ ಕಾಂಕ್ರೀಟು ಗೋಡೆ, ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ, ವಿಕಿರಣದ ಲೆಕ್ಕ ಹಾಕುವ ಭೌತವಿಜ್ಞಾನಿ, ಕೈಕೊಡದ ಕರೆಂಟು ಎಲ್ಲ ಬೇಕು. ನಮ್ಮ ಆಟಿ ತಿಂಗಳ ಜಡಿಮಳೆಯಲ್ಲಿ ಕರೆಂಟಿನ ಕಥೆ ನಿಮಗೆ ನಾನು ಹೇಳಬೇಕೇ?

ಕೊಡಗಿಗೆ ಲಾಕ್‌ಡೌನ್ ಹೊಸದಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮಂಗಳೂರಿನ ದಾರಿ ಮುಚ್ಚಿತು. 2020ರ ಮಾರ್ಚಿನಲ್ಲಿ ಸೋಂಕು ತಡೆಯಲೆಂದು ಕೇರಳಕ್ಕೆ ಹೋಗುವ ಮಾಕುಟ್ಟದ ದಾರಿಗೆ ಮಣ್ಣು ಸುರಿದರು. ವಿರಾಜಪೇಟೆಯವರಿಗೆ ಮೈಸೂರಿಗಿಂತ ಹತ್ತಿರದ ತಲಶ್ಶೇರಿ ಕ್ಯಾನ್ಸರ್ ಆಸ್ಪತ್ರೆ ಆ ಮಣ್ಣಿನ ಆಚೆ ಉಳಿಯಿತು. ಚಿಕಿತ್ಸೆ ನಾಲ್ಕು ವಾರ ತಡವಾದರೆ ಸಾವಿನ ಅಪಾಯ ಶೇ 6ರಿಂದ 13 ಏರುತ್ತದೆ ಎಂಬ ಅಧ್ಯಯನ ಅದೇ ವರ್ಷದ ನವೆಂಬರಿನದು.

ಹಾಗಾಗಿ ಘಾಟಿ ಇಳಿಯದೆ ಆಗಬಹುದಾದ್ದೆಲ್ಲ ತಾಲ್ಲೂಕಿನಲ್ಲೇ ಆಗಲಿ ಎಂಬುದು ನನ್ನ ಹಠ. ಕೀಮೋಗೆ ಮುಂಚಿನ ರಕ್ತಪರೀಕ್ಷೆ ಅಲ್ಲೇ ಆಗಿ ವರದಿ ಫೋನಿನಲ್ಲಿ ಹೋಗಲಿ. ಪ್ಲೇಟ್‌ಲೆಟ್ ಒಂದು ಲಕ್ಷವಿಲ್ಲದೆ ಮೈಸೂರಿಗೆ ಹೋಗಿ ಕೀಮೋ ಸಿಗದೆ ಬರಿಗೈಲಿ ಬರುವುದು ತಪ್ಪುತ್ತದೆ. ಕೀಮೋ ಕೊಡಲು ತೋಳಿನ ನರದೊಳಗೆ ಇಟ್ಟಿರುವ ಪಿಕ್ ಲೈನ್ ಎಂಬ ಕೊಳವೆಯನ್ನು ವಾರಕ್ಕೊಮ್ಮೆ 10 ಎಂಎಲ್ ಸಲೈನ್ ಹಾಕಿ ತೊಳೆಯಬೇಕು, ಇಲ್ಲದಿದ್ದರೆ ರಕ್ತ ಹೆಪ್ಪುಗಟ್ಟಿ ಕಟ್ಟಿಕೊಳ್ಳುತ್ತದೆ. ಅದನ್ನು ಕಲಿತ ಒಬ್ಬ ಸಿಸ್ಟರ್ ಗೋಣಿಕೊಪ್ಪದಲ್ಲಿದ್ದರೆ ಸಾಕು. ನೋವಿಗೆ ಮಾರ್ಫಿನ್ ಮಾತ್ರೆ ಇಡಲು 2014ರಲ್ಲೇ ಕಾನೂನು ಸಡಿಲವಾಗಿದೆ.

2025ರ ಕೇಂದ್ರ ಬಜೆಟ್ಟು ಮೂರು ವರ್ಷದಲ್ಲಿ ಎಲ್ಲ ಜಿಲ್ಲಾಸ್ಪತ್ರೆಗಳಲ್ಲಿ ಕ್ಯಾನ್ಸರ್ ಡೇ ಕೇರ್, ಅಂದರೆ ಕೀಮೋ ಕೊಟ್ಟು ಅಂದೇ ಮನೆಗೆ ಕಳಿಸುವ ಕೇಂದ್ರ, ಎಂದಿತು. ಬೋರ್ಡು ಬರುತ್ತದೆ, ಉದ್ಘಾಟನೆಗೆ ಟೇಪೂ ಬರುತ್ತದೆ. ಒಳಗಿನ ಸಿಸ್ಟರ್ ಗುತ್ತಿಗೆಯವರಾದರೆ ತರಬೇತಿ ಮುಗಿಯುವಷ್ಟರಲ್ಲಿ ಬೇರೆ ಕಡೆ ಹೋಗಿರುತ್ತಾರೆ. ತೋಟದ ಕಾರ್ಮಿಕರ ಲೈನ್ ಮನೆ, ಆದಿವಾಸಿ ಹಾಡಿಗಳಿಗೆ ಹೋಗಿ, ಕ್ಯಾನ್ಸರಿನ ಸುಳಿವಾಗಬಹುದಾದ ಬಾಯಿ ಹುಣ್ಣು ವಿಚಾರಿಸಬೇಕಾದ ಆಶಾ ಕಾರ್ಯಕರ್ತೆಯರನ್ನು 2020ರಲ್ಲಿ ಜ್ವರದ ಸಮೀಕ್ಷೆಗೆ ಎಳೆದರು. ಜುಲೈನಲ್ಲಿ ಅವರು ತಿಂಗಳಿಗೆ 12,000 ರೂಪಾಯಿ ಕೇಳಿ ಮುಷ್ಕರ ಹೂಡಬೇಕಾಯಿತು. ಅಷ್ಟು ದಿನ ಚಪ್ಪಾಳೆ ತಟ್ಟಿದ್ದೇನೋ ನಿಜ.

ನಿಮ್ಮ ಅಕ್ಷರ ಮುದ್ದಾಗಿದೆ, ಸಿಟ್ಟೂ ಸರಿಯಾಗಿದೆ. ಮುಂದಿನ ಪತ್ರ ಜಿಲ್ಲಾ ಪಂಚಾಯಿತಿಗೆ ಬರೆಯಿರಿ. ಬಿಳಿಕಣ ಏರಿಸುವ ಫಿಲ್‌ಗ್ರಾಸ್ಟಿಮ್ ಚುಚ್ಚುಮದ್ದು 2ರಿಂದ 8 ಡಿಗ್ರಿಯಲ್ಲಿರಬೇಕು, ಲಸಿಕೆಯ ಫ್ರಿಜ್ಜಿನಲ್ಲಿ ಬೇರೆ ಔಷಧಿ ಇಡುವಂತಿಲ್ಲ. ಆದ್ದರಿಂದ ಡೇ ಕೇರಿಗೆ ಬೇರೆ ಫ್ರಿಜ್ಜಿದೆಯೇ, ಅದಕ್ಕೆ ಇನ್ವರ್ಟರ್ ಇದೆಯೇ ಎಂದು ಮೊದಲು ಕೇಳಿ.