ಬಾವು ಇಳಿಯಿತು, ಕಾಲು ಸರಿಹೋಯಿತೇ?

ಬೆಳಗಾವಿಯಲ್ಲಿ ಫಿಸಿಯೋಥೆರಪಿ ಮಾಡುವ ನನಗೆ ಕಬಡ್ಡಿಯ ಮೊಣಕಾಲು, ಬೈಕಿನಿಂದ ಬಿದ್ದ ಭುಜ, ಕಬ್ಬಿನ ಹೊಲದಲ್ಲಿ ಉಳುಕಿದ ಪಾದ ದಿನನಿತ್ಯದ ಮಾತು. ಹಿಮದ ಮೇಲೆ ಸ್ಕೀ ಹಾಕಿ ಬಿದ್ದವರು ಅಪರೂಪ. ಈ ಸಲ ಅಂಥ ಪತ್ರಗಳೇ ಐದು ಬಂದಿವೆ. ಎಲ್ಲ ಮನಾಲಿ, ಔಲಿ, ಗುಲ್ಮಾರ್ಗ್ ಕಡೆಯ ಕತೆಗಳು. ಹಾಗಾಗಿ ಈ ಸಂಚಿಕೆಯ ಜಾಗ ಪೂರ್ತಿ ಅವಕ್ಕೇ.

ಪ್ರಶ್ನೆ: ಜನವರಿಯಲ್ಲಿ ಮನೆಯವರ ಎಲ್‌ಟಿಸಿ ಮೇಲೆ ಮನಾಲಿಗೆ ಹೋಗಿದ್ದೆವು. ಸೋಲಾಂಗಿನಲ್ಲಿ ಬಾಡಿಗೆ ಸ್ಕೀ ಹಾಕಿಕೊಂಡು ಹಿಂದಕ್ಕೆ ಬಿದ್ದೆ. ಮೊಣಕಾಲಲ್ಲಿ ‘ಟಪ್’ ಅಂತು. ಸಂಜೆಯೊಳಗೆ ದಪ್ಪಗೆ ಬಾವು ಬಂತು. ಎಕ್ಸ್‌ರೇ ನೋಡಿ ಎಲುಬು ಮುರಿದಿಲ್ಲ ಅಂದರು. ಈಗ ಮೂರು ವಾರ ಆಯಿತು, ಬಾವು ಇಳಿದಿದೆ, ನೋವೂ ಅಷ್ಟಿಲ್ಲ. ಆದರೆ ಮೆಟ್ಟಿಲು ಇಳಿಯುವಾಗ ಮೊಣಕಾಲು ಕೈಕೊಟ್ಟ ಹಾಗಾಗುತ್ತದೆ. ಉಳುಕು ತೆಗೆಯುವವರ ಹತ್ತಿರ ತಿಕ್ಕಿಸು ಅಂತ ಅತ್ತೆಯವರು ಹೇಳುತ್ತಿದ್ದಾರೆ. ತಿಕ್ಕಿಸಲಾ?
– ಗೃಹಿಣಿ, ನವನಗರ, ಬಾಗಲಕೋಟೆ

ಅಕ್ಕಾ, ತಿಕ್ಕಿಸಬೇಡಿ. ಅತ್ತೆಯವರಿಗೆ ಬೇಜಾರಾದರೆ ನನ್ನ ಹೆಸರು ಹೇಳಿ.

ನಿಮ್ಮ ಪತ್ರದಲ್ಲಿ ಮೂರು ಮಾತು ನನ್ನ ಕಣ್ಣಿಗೆ ಬಿದ್ದವು. ‘ಟಪ್’ ಅಂದ ಸದ್ದು, ಅದೇ ಸಂಜೆಯ ಬಾವು, ಮೆಟ್ಟಿಲ ಮೇಲೆ ಕೈಕೊಡುವ ಮೊಣಕಾಲು. ಮೂರೂ ಕೂಡಿದರೆ ಎಸಿಎಲ್ ಮೇಲೆ ಅನುಮಾನ ಬರುತ್ತದೆ. ಮೊಣಕಾಲಿನ ನಡುವೆ ಎರಡು ಲಿಗಮೆಂಟುಗಳು, ಅಂದರೆ ಎಲುಬಿಗೆ ಎಲುಬು ಕಟ್ಟಿಡುವ ಪಟ್ಟಿಗಳು, ಕತ್ತರಿಯ ಹಾಗೆ ಒಂದರ ಮೇಲೊಂದು ಅಡ್ಡ ಹಾಯ್ದಿರುತ್ತವೆ. ಮುಂದಿನದು ಎಸಿಎಲ್. ಕೆಳಗಿನ ಎಲುಬು ಮುಂದಕ್ಕೆ ಜಾರದ ಹಾಗೆ ಹಿಡಿದಿಡುವುದು ಅದರ ಕೆಲಸ. ಅದು ಹರಿದರೆ ಕೀಲಿನೊಳಗೆ ರಕ್ತ ತುಂಬಿ ಕೆಲವೇ ಗಂಟೆಗಳಲ್ಲಿ ಬಾವು ಬರುತ್ತದೆ. ಮಾರನೇ ದಿನ ನಿಧಾನವಾಗಿ ಬಂದ ಬಾವು ಆಗಿದ್ದರೆ ನಾನು ಬೇರೆ ಯೋಚನೆ ಮಾಡುತ್ತಿದ್ದೆ.

ಎಕ್ಸ್‌ರೇ ತಪ್ಪಿಲ್ಲ. ಅದು ಎಲುಬು ತೋರಿಸುತ್ತದೆ, ಲಿಗಮೆಂಟ್ ತೋರಿಸುವುದಿಲ್ಲ ಅಷ್ಟೇ. ಜನ ಮೋಸ ಹೋಗುವುದು ಇಲ್ಲೇ. ಎಲುಬು ಸರಿ ಇದೆ, ಬಾವು ಇಳಿಯಿತು, ಇನ್ನೇನು ಅಂತ ಸುಮ್ನಾಗುತ್ತಾರೆ. ಬಾವು ಇಳಿದರೆ ಒಳಗಿನ ರಕ್ತ ಇಂಗಿತು ಅಂತ ಅರ್ಥ, ಹರಿದದ್ದು ಕೂಡಿತು ಅಂತ ಅಲ್ಲ. ಎಷ್ಟೋ ಕಬಡ್ಡಿ ಹುಡುಗರು ಒಂದು ತಿಂಗಳಿಗೆ ಮತ್ತೆ ಅಂಕಣಕ್ಕೆ ಇಳಿಯುತ್ತಾರೆ. ಎರಡನೇ ಸಲ ಕಾಲು ಕೈಕೊಟ್ಟಾಗ ಒಳಗಿನ ಮೆತ್ತೆಯನ್ನೂ, ಅಂದರೆ ಮೆನಿಸ್ಕಸ್ಸನ್ನೂ, ಹರಿದುಕೊಂಡು ನನ್ನ ಹತ್ತಿರ ಬರುತ್ತಾರೆ.

ಈ ವಾರವೇ ಎಲುಬಿನ ಡಾಕ್ಟರಿಗೆ ತೋರಿಸಿ. ಅವರು ಮೊಣಕಾಲು ಸ್ವಲ್ಪ ಮಡಚಿ, ಕೆಳಗಿನ ಎಲುಬನ್ನು ಮುಂದಕ್ಕೆ ಎಳೆದು ನೋಡುತ್ತಾರೆ. ಬೇಕಾದರೆ ಎಂಆರ್‌ಐ ಮಾಡಿಸುತ್ತಾರೆ. ಹರಿದಿದ್ದರೆ ಆಪರೇಷನ್ ಆಗಲೇಬೇಕು ಅಂತೇನಿಲ್ಲ. ವ್ಯಾಯಾಮದಿಂದಲೇ ತೊಡೆ ಗಟ್ಟಿ ಮಾಡಿಕೊಂಡು ಆರಾಮಾಗಿ ಓಡಾಡುವವರಿದ್ದಾರೆ. ಪದೇ ಪದೇ ಕಾಲು ಕೈಕೊಡುತ್ತಿದ್ದರೆ ಮಾತ್ರ ಆಪರೇಷನ್ ವಿಚಾರ ಜೋರಾಗುತ್ತದೆ. ಅಲ್ಲಿಯವರೆಗೆ ಒಂದು ಕೆಲಸ ಮಾಡಿ. ನೆಲದ ಮೇಲೆ ಕೂತು ರೊಟ್ಟಿ ಬಡಿಯಬೇಡಿ. ಕಟ್ಟೆಯ ಮೇಲೆ ಕೊಣಮಿಗೆ ಇಟ್ಟು ನಿಂತೇ ಬಡಿಯಿರಿ. ಕುಕ್ಕರಗಾಲಲ್ಲಿ ಕೂತು ಏಳುವಾಗ ಆ ಮೊಣಕಾಲಿಗೆ ತಿರುಚು ಬೀಳುತ್ತದೆ. ಮೆಟ್ಟಿಲು ಇಳಿಯುವಾಗ ಕಟಾಂಜನ ಹಿಡಿದು, ನೊಂದ ಕಾಲನ್ನೇ ಮೊದಲು ಕೆಳಗಿಡಿ.

ಪ್ರಶ್ನೆ: ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಮುಂದಿನ ಚಳಿಗಾಲದಲ್ಲಿ 14 ದಿನದ ಸ್ಕೀಯಿಂಗ್ ಕೋರ್ಸಿಗೆ ಹೋಗುತ್ತೇನೆ ಅಂತ ಹಟ ಹಿಡಿದಿದ್ದಾನೆ. ಕಾಲು ಮುರಿದುಕೊಂಡು ಬಂದರೆ ಏನು ಗತಿ?
– ಒಬ್ಬ ತಾಯಿ, ಟಿಳಕವಾಡಿ, ಬೆಳಗಾವಿ

ಕಳಿಸಿ ತಾಯಿ. ಪ್ರವಾಸಿಗಳ ಹಾಗೆ ಅರ್ಧ ಗಂಟೆ ಸ್ಕೀ ಹಾಕಿ ಬೀಳುವುದಕ್ಕಿಂತ, ಬೀಳುವುದನ್ನೂ ಕಲಿಸುವ ಕೋರ್ಸು ಎಷ್ಟೋ ಮೇಲು. ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಹಿಮವಿಲ್ಲದ ನಾಡಿನಿಂದಲೇ ಹೋಗಿ ಕ್ರಾಸ್ ಕಂಟ್ರಿ ಸ್ಕೀಯಿಂಗಿನಲ್ಲಿ ಹೆಸರು ಮಾಡಿಲ್ಲವೇ?

ನಿಮ್ಮ ಭಯಕ್ಕೆ ಒಂದು ಕಾಲದಲ್ಲಿ ಪೂರ್ತಿ ಅರ್ಥವಿತ್ತು. 1960ರ ದಶಕದ ತನಕ ಸ್ಕೀ ಬೂಟು ಚರ್ಮದ್ದು, ಗಿಡ್ಡ, ಮೆತ್ತಗೆ. ಬಿದ್ದರೆ ಪಾದದ ಕೀಲು ಇಲ್ಲವೇ ಕೆಳಗಾಲಿನ ಎಲುಬು ಮುರಿಯುತ್ತಿತ್ತು. ಆಮೇಲೆ ಎತ್ತರದ ಗಟ್ಟಿ ಪ್ಲಾಸ್ಟಿಕ್ ಬೂಟು ಬಂತು. ಬಿದ್ದಾಗ ಬೂಟನ್ನು ಸ್ಕೀಯಿಂದ ತಾನಾಗಿ ಬಿಡಿಸುವ ಬೈಂಡಿಂಗ್ ಸುಧಾರಿಸಿತು. ಪಾದದ ಕೀಲು ಬಚಾವಾಯಿತು, ಆದರೆ ತಿರುಚುವ ಬಲ ಎಲ್ಲಿಗೆ ಹೋಗಬೇಕು? ಮೇಲಕ್ಕೆ ಹತ್ತಿ ಮೊಣಕಾಲಿಗೆ ಬಂತು. ಈಗ ಸ್ಕೀಯಿಂಗಿನ ಗಾಯಗಳಲ್ಲಿ ಸುಮಾರು ಮೂರರಲ್ಲಿ ಒಂದು ಮೊಣಕಾಲಿನದೇ. ಅಮೆರಿಕದ ಸ್ಕೀ ಆಟಗಾರ್ತಿ ಲಿಂಡ್ಸೆ ವಾನ್‌ಗೆ 2013ರಲ್ಲಿ ಆಸ್ಟ್ರಿಯಾದ ಶ್ಲಾಡ್ಮಿಂಗಿನಲ್ಲಿ ಎರಡು ಲಿಗಮೆಂಟ್ ಹರಿದು, ಕೆಳಗಾಲಿನ ಎಲುಬಿನ ತುದಿಯೂ ಮುರಿದಿತ್ತು. ಅದು ಭಾರೀ ವೇಗದ ರೇಸು ಬಿಡಿ. ನಿಮ್ಮ ಮಗನ ವೇಗಕ್ಕೆ ಮೊದಲ ವಾರ ಎಮ್ಮೆಯೂ ಹಿಂದೆ ಹಾಕೀತು.

ಹೊಸಬರಿಗೆ ಜಾಸ್ತಿ ಆಗುವುದು ಎಂಸಿಎಲ್ ಗಾಯ. ಅದು ಮೊಣಕಾಲಿನ ಒಳಬದಿಯ ಲಿಗಮೆಂಟ್. ವೇಗ ತಗ್ಗಿಸಲು ಸ್ಕೀಗಳ ಮುಂದಿನ ತುದಿ ಹತ್ತಿರ ತಂದು, ಹಿಂದಿನ ತುದಿ ಅಗಲಿಸಲು ಕಲಿಸುತ್ತಾರೆ. ಆಗ ಒಂದು ಸ್ಕೀ ಹಿಮದಲ್ಲಿ ಸಿಕ್ಕಿಬಿದ್ದರೆ ಮೊಣಕಾಲು ಒಳಕ್ಕೆ ಬಾಗುತ್ತದೆ.

ಇದನ್ನು ನಾನು ಪುಸ್ತಕದಲ್ಲಿ ಮಾತ್ರ ಓದಿದ್ದಲ್ಲ. 2011ರಲ್ಲಿ ಸೋಲಾಂಗಿನಲ್ಲೇ ಬಿದ್ದೆ. ಸ್ಕೀ ಬಾಡಿಗೆಗೆ ಕೊಟ್ಟ ಹುಡುಗ ನನ್ನ ತೂಕ ಕೇಳಲಿಲ್ಲ, ನಾನೂ ಹೇಳಲಿಲ್ಲ. ಮನೆಯವರು ಕ್ಯಾಮೆರಾ ಹಿಡಿದು ನಿಂತಿದ್ದರು. ಬಲಗಾಲಿನ ಸ್ಕೀ ಸಿಕ್ಕಿಕೊಂಡಿತು, ಬೂಟು ಬಿಡಲಿಲ್ಲ, ನಾನು ಕೂತೆ. ಫೋಟೊ ಮಾತ್ರ ಚೆನ್ನಾಗಿ ಬಂದಿದೆ. ಆ ರಾತ್ರಿ ಹೋಟೆಲಿನಲ್ಲಿ ಮಗ್ಗುಲು ಬದಲಿಸುವಾಗ ಭಾರದ ರಜಾಯಿ ಪಾದಕ್ಕೆ ಸಿಕ್ಕು ಸ್ವಲ್ಪ ಎಳೆಯಿತು. ಅಷ್ಟಕ್ಕೇ ಮೊಣಕಾಲಿನ ಒಳಬದಿಯಲ್ಲಿ ಚೂರಿ ಆಡಿಸಿದ ಹಾಗಾಯಿತು. ಏನಾಗಿದೆ ಅಂತ ಆಗಲೇ ಗೊತ್ತಾಯಿತು. ಆದರೂ ಟ್ಯಾಕ್ಸಿಗೆ ದುಡ್ಡು ಕೊಟ್ಟಾಗಿದೆ ಅಂತ ಮಾರನೇ ದಿನ ಕುಂಟುತ್ತಾ ಊರೆಲ್ಲ ತಿರುಗಿದೆ. ಹತ್ತು ವರ್ಷ ಫಿಸಿಯೋಥೆರಪಿ ಮಾಡಿದವಳ ಬುದ್ಧಿ ನೋಡಿ! ಗೋವಾ ಎಕ್ಸ್‌ಪ್ರೆಸ್ಸಿನ ಕೆಳಗಿನ ಬರ್ತಿನಲ್ಲಿ ಕಾಲು ಚಾಚಿಕೊಂಡು ಊರಿಗೆ ಬಂದೆ. ಆರು ವಾರ ಬ್ರೇಸ್. ಆಪರೇಷನ್ ಬೇಕಾಗಲಿಲ್ಲ. ಎಂಸಿಎಲ್ ಸಾಮಾನ್ಯವಾಗಿ ಹಾಗೇ ಕೂಡುತ್ತದೆ, ಅದೊಂದು ಪುಣ್ಯ.

ಹಾಗಾಗಿ ಮಗನಿಗೆ ಮೊದಲು ಬೈಂಡಿಂಗ್ ಬಗ್ಗೆ ಹೇಳಿ. ಅದು ಮನೆಯ ಫ್ಯೂಸ್ ಇದ್ದ ಹಾಗೆ. ಪದೇ ಪದೇ ಹೋಗುತ್ತದೆ ಅಂತ ದಪ್ಪ ತಂತಿ ಹಾಕಿದರೆ ಏನಾಗುತ್ತದೆ ಗೊತ್ತಲ್ವಾ? ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ, ಎಷ್ಟು ಕಲಿತಿದ್ದಾನೆ ಎಂಬುದು, ಇಷ್ಟೂ ನೋಡಿ ಬೈಂಡಿಂಗಿನ ನಂಬರು ಹೊಂದಿಸಬೇಕು. ಕೇಳದೇ ಕೊಟ್ಟರೆ ಇವನೇ ಕೇಳಲಿ. ತೂಕ ಸುಳ್ಳು ಹೇಳಬಾರದು. ಇಷ್ಟಾದರೂ ಬೈಂಡಿಂಗ್ ಚೆನ್ನಾಗಿ ಕಾಯುವುದು ಕೆಳಗಾಲಿನ ಎಲುಬನ್ನು. ಮೊಣಕಾಲಿಗೆ ಗ್ಯಾರಂಟಿ ಇಲ್ಲ. ಅದಕ್ಕೆ ಬೀಳುವ ರೀತಿ ಮುಖ್ಯ. ಹಿಂದಕ್ಕೆ ಕೂತು ಬೀಳುವಾಗ ಹೇಗಾದರೂ ಏಳೋಣ ಅಂತ ಒದ್ದಾಡುತ್ತಾರಲ್ಲ, ಎಸಿಎಲ್ ಎಷ್ಟೋ ಸಲ ಹರಿಯುವುದು ಆಗಲೇ. ಬಿದ್ದರೆ ಬಿದ್ದ ಹಾಗೇ ಜಾರಲಿ, ಪೂರ್ತಿ ನಿಂತ ಮೇಲೆ ಏಳಲಿ. ಕೈಗಳು ಯಾವಾಗಲೂ ಮುಂದೆ ಇರಲಿ.

ಅಕಸ್ಮಾತ್ ಕಾಲು ಮುರಿದ ಅನುಮಾನ ಬಂದರೆ ಬೂಟನ್ನು ಎಳೆದು ಕೀಳಬಾರದು. ಬಕಲ್ ಸಡಿಲಿಸಿ, ಕಾಲು ಅಲುಗದ ಹಾಗೆ ನೋಡಿಕೊಂಡು ಕೆಳಗೆ ಸಾಗಿಸಬೇಕು. ಮೀನಖಂಡ ಕಲ್ಲಿನ ಹಾಗೆ ಬಿಗಿದು, ನೋವು ಗಂಟೆಗಂಟೆಗೂ ಏರುತ್ತಾ, ಬೆರಳು ಮೇಲೆತ್ತಿದರೆ ಚೀರುವ ಹಾಗಾದರೆ ಬೆಳಗಿನ ತನಕ ಕಾಯಬೇಡಿ. ಒಳಗೆ ಒತ್ತಡ ಏರಿ ರಕ್ತ ಹರಿಯುವುದು ನಿಲ್ಲುತ್ತಿರಬಹುದು. ರಾತ್ರಿಯೇ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಪ್ರಶ್ನೆ: ಕಾಲೇಜಿನಲ್ಲಿ ಸೈಕ್ಲಿಂಗ್ ಮಾಡಿದವನು. ತೊಡೆ ಇನ್ನೂ ಗಟ್ಟಿ ಇದೆ. ಔಲಿಗೆ ಹೋಗುವ ಮೊದಲು ಬೇರೆ ತಯಾರಿ ಬೇಕಾ?
– ಮಾಜಿ ಸೈಕ್ಲಿಸ್ಟ್, ವಿಜಯಪುರ

ಬೇಕು ತಮ್ಮಾ. ನಿಮ್ಮ ಊರಿನ ಸೈಕಲ್ ತೊಡೆಗಳ ಬಗ್ಗೆ ನನಗೆ ಗೌರವವಿದೆ. ಆದರೆ ಪೆಡಲ್ ತುಳಿಯುವಾಗ ಸ್ನಾಯು ಕುಗ್ಗಿ ಕೆಲಸ ಮಾಡುತ್ತದೆ. ಸ್ಕೀಯಿಂಗಿನಲ್ಲಿ ಭಾರ ಹೊತ್ತುಕೊಂಡೇ ಹಿಗ್ಗಬೇಕು. ಗೋಳಗುಮ್ಮಟ ಹತ್ತುವಾಗ ಉಸಿರು ಹೋಗುತ್ತದೆ, ಇಳಿಯುವಾಗ ತೊಡೆ ನಡುಗುತ್ತದೆ ಅಲ್ವಾ? ಆ ಇಳಿಯುವ ಕೆಲಸಕ್ಕೇ ತಯಾರಿ ಬೇಕು. ತಾಲೀಮಿನ ಬೈಠಕ್ ಹೊಡೆಯಿರಿ, ಆದರೆ ಇಳಿಯುವಾಗ ನಾಲ್ಕು ಎಣಿಸಿ. ಹಲ್ಲುಜ್ಜುವಾಗ ಒಂಟಿಗಾಲಲ್ಲಿ ನಿಲ್ಲಿ. ತೊಡೆಯ ಹಿಂಭಾಗದ ಸ್ನಾಯುವನ್ನು ಮರೆಯಬೇಡಿ, ಎಸಿಎಲ್‌ಗೆ ಅದೇ ಜೊತೆಗಾರ. ಎಂಟು ವಾರ ಸಾಕು. ಅಲ್ಲಿ ಹೋದ ಮೇಲೆ ಸಂಜೆ ‘ಇನ್ನೊಂದೇ ರೌಂಡ್’ ಅನ್ನುವ ಚಟ ಬೇಡ.

ಪ್ರಶ್ನೆ: ಗುಲ್ಮಾರ್ಗಿನಲ್ಲಿ ಸ್ನೋಬೋರ್ಡಿನಿಂದ ಬಿದ್ದು ತಮ್ಮನ ಪಾದ ಉಳುಕಿತು. ಎಕ್ಸ್‌ರೇ ಸರಿ ಇದೆ. ಆರು ವಾರವಾದರೂ ಹೊರಬದಿ ನೋಯುತ್ತದೆ.
– ಓದುಗರು, ಗೋಕಾಕ

ಹೊರಗಿನ ಹರಡಿನ ತುದಿಯ ಸ್ವಲ್ಪ ಕೆಳಗೆ, ಮುಂದೆ ಒತ್ತಿದರೆ ನೋವಾ? ಹಾಗಿದ್ದರೆ ಸಿಟಿ ಸ್ಕ್ಯಾನ್ ಬಗ್ಗೆ ಡಾಕ್ಟರನ್ನು ಕೇಳಿ. ಟೇಲಸ್ ಎಂಬ ಎಲುಬಿನ ಹೊರಮೂಲೆ ಮುರಿದಿರಬಹುದು. ಸ್ನೋಬೋರ್ಡ್ ಬೂಟು ಮೆತ್ತಗಿರುವುದರಿಂದ ಪೆಟ್ಟು ಅಲ್ಲಿಗೆ ಬೀಳುತ್ತದೆ. ಎಕ್ಸ್‌ರೇಯಲ್ಲಿ ಇದು ಎಷ್ಟೋ ಸಲ ತಪ್ಪಿಸಿಕೊಂಡು ಬರೀ ಉಳುಕು ಅನ್ನಿಸಿಕೊಳ್ಳುತ್ತದೆ. ಇವನನ್ನೂ ತಿಕ್ಕಿಸಬೇಡಿ.

ಪ್ರಶ್ನೆ: ಗೆಳತಿಯರ ಜೊತೆ ಸ್ಕೀಯಿಂಗಿಗೆ ಹೋಗಿ ಬಂದೆ. ಎರಡೂ ಹೆಬ್ಬೆರಳ ಉಗುರು ಕಪ್ಪಾಗಿವೆ. ಎರಡು ತಿಂಗಳಿಗೆ ನನ್ನ ಮದುವೆ!
– ಮದುಮಗಳು, ಅಥಣಿ

ಬೂಟು ದೊಡ್ಡದಿತ್ತು, ಇಲ್ಲವೇ ಚಳಿಗೆ ಎರಡೆರಡು ಸಾಕ್ಸ್ ಹಾಕಿದ್ದೀರಿ. ಪಾದ ಒಳಗೆ ಜಾರಿ ಬೆರಳು ಮುಂದಕ್ಕೆ ಗುದ್ದಿದೆ, ಉಗುರಿನಡಿ ರಕ್ತ ನಿಂತಿದೆ. ಒಂದೇ ಜೊತೆ ತೆಳು ಉಣ್ಣೆ ಸಾಕ್ಸ್ ಸಾಕಿತ್ತು. ನೋವು ಮಿಡಿಯುತ್ತಿಲ್ಲ, ಕೀವಿಲ್ಲ ಅಂದರೆ ಸುಮ್ನೆ ಬಿಡಿ. ಉಗುರು ಬಿದ್ದರೂ ಬೀಳಲಿ, ನೀವು ಕೀಳಬೇಡಿ. ಹೆಬ್ಬೆರಳಿಗೆ ಹೊಸ ಉಗುರು ಪೂರ್ತಿ ಬರಲು ಒಂದು ವರ್ಷದ ಮೇಲೇ ಬೇಕು, ಎರಡು ತಿಂಗಳ ಮಾತೇ ಇಲ್ಲ. ಕಾಲುಂಗುರ ಪಕ್ಕದ ಬೆರಳಿಗೆ ತಾನೇ? ಮದರಂಗಿ ಹಚ್ಚುವವಳಿಗೆ ಹೆಬ್ಬೆರಳ ತುದಿಗೆ ಸ್ವಲ್ಪ ದಪ್ಪಗೆ ಹಚ್ಚಲು ಹೇಳಿ.