ಬೆಲೆಗಿಂತ ಮೊದಲು ಗುರುತು: ಹಳೆಯ ಕಾರಿನ ದೀಪಗಳ ಲೇಖನಕ್ಕೆ ಸಂಪಾದಕರ ಉತ್ತರ

ಆತ್ಮೀಯ ಲೇಖಕರೇ,

ಹಳೆಯ ಕಾರುಗಳಿಗೆ ಹೆಚ್ಚುವರಿಯಾಗಿ ಅಳವಡಿಸುತ್ತಿದ್ದ ದೀಪಗಳನ್ನು ಗುರುತಿಸುವ ಮತ್ತು ಅವುಗಳಿಗೆ ಬೆಲೆ ಕಟ್ಟುವ ಬಗೆಯನ್ನು ಕುರಿತು ನೀವು ಕಳುಹಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಆದರೆ ಇಂಥದೊಂದು ವಿಷಯವನ್ನು ಹಿಡಿದು ಬರೆಯುವವರು ನನ್ನ ಮೇಜಿನವರೆಗೆ ಬರುವುದೇ ಅಪರೂಪವಾದ್ದರಿಂದ, ಒಂದು ಸಾಲಿನ ವಿಷಾದಪತ್ರದಲ್ಲಿ ಮುಗಿಸಲು ಮನಸ್ಸಾಗದೆ, ಎಲ್ಲಿ ಎಡವಿದ್ದೀರಿ ಎಂಬುದನ್ನು ನೇರವಾಗಿಯೇ ತಿಳಿಸುತ್ತಿದ್ದೇನೆ.

ಮೊದಲ ಮತ್ತು ದೊಡ್ಡ ದೋಷವೆಂದರೆ ಲೇಖನದ ಅರ್ಧದಷ್ಟನ್ನು ನುಂಗಿರುವ ಬೆಲೆಪಟ್ಟಿ. ‘ಲ್ಯೂಕಾಸ್ ದೀಪಕ್ಕೆ ಇಷ್ಟು, ಮಾರ್ಶಾಲ್ ದೀಪಕ್ಕೆ ಇಷ್ಟು’ ಎಂದು ಬರೆದಿದ್ದೀರಿ. ಲ್ಯೂಕಾಸ್ ಎಂಬುದು ಒಂದು ದೀಪದ ಹೆಸರಲ್ಲ. ಬರ್ಮಿಂಗ್‌ಹ್ಯಾಮ್‌ನ ಆ ಕಂಪನಿ ಸೈಕಲ್ಲಿನ ಎಣ್ಣೆದೀಪದಿಂದ ಹಿಡಿದು ಬೆಂಟ್ಲಿ, ರೋಲ್ಸ್ ರಾಯ್ಸ್ ಕಾರುಗಳ ಭಾರಿ ಪಿ100 ಹೆಡ್‌ಲ್ಯಾಂಪಿನವರೆಗೆ ಲೆಕ್ಕವಿಲ್ಲದಷ್ಟು ಬಗೆಯ ದೀಪಗಳನ್ನು ತಯಾರಿಸಿತು. ನೀವು ಹೆಮ್ಮೆಯಿಂದ ಉಲ್ಲೇಖಿಸಿರುವ ‘ಕಿಂಗ್ ಆಫ್ ದಿ ರೋಡ್’ ಎಂಬ ಮುದ್ರೆ 19ನೆಯ ಶತಮಾನದಲ್ಲಿ ಮೊದಲು ಕಾಣಿಸಿಕೊಂಡದ್ದು ಎತ್ತರದ ಚಕ್ರದ ಸೈಕಲ್ಲುಗಳ ದೀಪದ ಮೇಲೆ. ಮೋಟಾರು ದೀಪಗಳಿಗೆ ಅದು ಬಂದದ್ದು ಆಮೇಲೆ. ಹಾಗಾಗಿ ಆ ಮುದ್ರೆಯೊಂದನ್ನೇ ನೋಡಿ ಕಾರಿನ ದೀಪವೆಂದು ನಿರ್ಧರಿಸುವ ಓದುಗ, ಸೈಕಲ್ಲಿನ ದೀಪಕ್ಕೆ ಕಾರಿನ ದೀಪದ ಹಣ ತೆತ್ತು ಬರುತ್ತಾನೆ. ಅವನನ್ನು ಆ ದಾರಿಗೆ ಹಚ್ಚಿದವರು ನೀವೂ ನಾನೂ ಆಗುತ್ತೇವೆ.

ಪಟ್ಟಿಯನ್ನು ಪೂರ್ತಿ ತೆಗೆದುಹಾಕಿ ಎಂದು ಕೇಳುವುದಕ್ಕೆ ಇನ್ನೊಂದು ಕಾರಣವಿದೆ. ಅಲ್ಲಿರುವ ಮೊತ್ತಗಳೆಲ್ಲ ಮಾರುವವರು ಕೇಳಿದ ಬೆಲೆಗಳು, ಕೊಂಡವರು ಕೊಟ್ಟ ಬೆಲೆಗಳಲ್ಲ. ವರ್ಷಗಟ್ಟಲೆ ಮಾರಾಟವಾಗದೆ ಕುಳಿತ ದೀಪಕ್ಕೂ ಒಂದು ಬೆಲೆಚೀಟಿ ಇದ್ದೇ ಇರುತ್ತದೆ. ಹರಾಜಿನಲ್ಲಿ ಕೂಗಿ ನಿಂತ ಮೊತ್ತಕ್ಕೂ, ಹರಾಜು ಸಂಸ್ಥೆಯ ಕಮಿಷನ್ ಸೇರಿ ಕೊಂಡವನ ಕೈಯಿಂದ ಹೋದ ಮೊತ್ತಕ್ಕೂ ನಡುವೆ ಅಂತರವಿರುತ್ತದೆ. ಅದನ್ನೂ ನೀವು ಬೇರ್ಪಡಿಸಿಲ್ಲ.

ಇನ್ನು ಗುರುತಿನ ವಿಷಯ. ಲೇಖನದ ಜೀವ ಇರುವುದು ಇಲ್ಲಿ. ತಪ್ಪುಗಳು ಹೆಚ್ಚಾಗಿರುವುದೂ ಇಲ್ಲಿಯೇ.

‘ಹಳದಿ ಗಾಜು ಇದ್ದರೆ ಅದು ಮಂಜಿನ ದೀಪ’ ಎಂದು ಖಚಿತವಾಗಿ ಬರೆದಿದ್ದೀರಿ. ಫ್ರಾನ್ಸಿನಲ್ಲಿ 1930ರ ದಶಕದ ಉತ್ತರಾರ್ಧದಿಂದ 1993ರವರೆಗೆ ಕಾರಿನ ಮುಂದೀಪಗಳೆಲ್ಲ ಹಳದಿ ಬೆಳಕನ್ನೇ ಬೀರಬೇಕೆಂಬ ನಿಯಮವಿತ್ತು. ಆದ್ದರಿಂದ ಮಾರ್ಶಾಲ್ ಅಥವಾ ಸಿಬಿಯೆ ಎಂಬ ಫ್ರೆಂಚ್ ಕಂಪನಿಗಳ ಹಳದಿ ದೀಪ ದೂರಕ್ಕೆ ಬೆಳಕು ಚೆಲ್ಲುವ ದೀಪವೂ ಆಗಿರಬಹುದು. ನೋಡಬೇಕಾದದ್ದು ಬಣ್ಣವನ್ನಲ್ಲ, ಗಾಜಿನ ಮೈಮೇಲಿನ ಗೆರೆಗಳನ್ನು. ಮಂಜಿನ ದೀಪದ ಗಾಜಿನಲ್ಲಿ ಸಾಲಾಗಿ ಉಬ್ಬುಗೆರೆಗಳಿದ್ದು, ಅವು ಬೆಳಕನ್ನು ಅಗಲಕ್ಕೆ ಹರಡುತ್ತವೆ. ಬೆಳಕು ಮೇಲಕ್ಕೆ ಹೋದರೆ ಮಂಜಿಗೆ ಬಡಿದು ಚಾಲಕನ ಕಣ್ಣಿಗೇ ಮರಳುವುದರಿಂದ ಅದನ್ನು ಕೆಳಗೇ ಹಿಡಿದಿಡುವಂತೆ ದೀಪವನ್ನು ರೂಪಿಸಿರುತ್ತಾರೆ. ದೂರದ ದೀಪದ ಗಾಜು ಬಹುಮಟ್ಟಿಗೆ ಸಪಾಟಾಗಿದ್ದು ಬೆಳಕನ್ನು ಕಿರಿದಾದ ಕೋಲಿನಂತೆ ಮುಂದಕ್ಕೆ ಕಳುಹಿಸುತ್ತದೆ. ಇಷ್ಟನ್ನು ವಿವರಿಸಿದರೆ ಓದುಗನಿಗೆ ಬಣ್ಣದ ಸೂತ್ರವೇ ಬೇಕಾಗುವುದಿಲ್ಲ.

ನಾಲ್ಕನೆಯ ಪುಟದ ಛಾಯಾಚಿತ್ರದಲ್ಲಿರುವ ಫ್ರೆಂಚ್ ದೀಪ 1935ರದ್ದೆಂದು ಅಡಿಬರಹ ಕೊಟ್ಟಿದ್ದೀರಿ. ಅದೇ ಚಿತ್ರವನ್ನು ಹಿಗ್ಗಿಸಿ ನೋಡಿ: ಗಾಜಿನ ಕೆಳಭಾಗದಲ್ಲಿ ವೃತ್ತದೊಳಗೆ ‘ಇ’ ಎಂಬ ಇಂಗ್ಲಿಷ್ ಅಕ್ಷರ, ಅದರ ಪಕ್ಕದಲ್ಲಿ 2 ಎಂಬ ಅಂಕಿ ಸ್ಪಷ್ಟವಾಗಿ ಕಾಣುತ್ತವೆ. ಅದು ವಾಹನಗಳ ಬಿಡಿಭಾಗಗಳನ್ನು ಕುರಿತ 1958ರ ಜಿನೀವಾ ಒಪ್ಪಂದದ ನಂತರ ಬಂದ ಅನುಮೋದನೆಯ ಗುರುತು. ಅಂಕಿ ಅನುಮೋದನೆ ಕೊಟ್ಟ ದೇಶವನ್ನು ಹೇಳುತ್ತದೆ: 1 ಜರ್ಮನಿ, 2 ಫ್ರಾನ್ಸ್, 3 ಇಟಲಿ, 11 ಬ್ರಿಟನ್. ಅಂದರೆ ಒಂದೋ ದೀಪವೇ ನೀವು ಹೇಳಿದ್ದಕ್ಕಿಂತ ಕಡಿಮೆಯೆಂದರೂ 23 ವರ್ಷ ಕಿರಿಯದು, ಇಲ್ಲವೇ ಹಳೆಯ ದೀಪದ ಹೊರಕವಚಕ್ಕೆ ಯಾರೋ ಹೊಸ ಗಾಜು ಕೂರಿಸಿದ್ದಾರೆ. ಎರಡರಲ್ಲಿ ಯಾವುದು ಎಂಬುದನ್ನು ಬಲ್ಬಿನ ಹಿಡಿಕೆ ಹೇಳೀತು. ಯುರೋಪಿನಲ್ಲಿ ಕಾರುಗಳಿಗೆ ಹ್ಯಾಲೊಜೆನ್ ಬಲ್ಬು ಬಂದದ್ದು 1962ರಲ್ಲಿ. ಅದಕ್ಕೆಂದೇ ಮಾಡಿದ ಹಿಡಿಕೆ ಒಳಗಿದ್ದರೆ 1935ರ ಮಾತನ್ನು ಅಲ್ಲಿಗೇ ಬಿಡಬೇಕು.

ಲೇಪವೂ ಕಾಲವನ್ನು ಹೇಳುತ್ತದೆ, ಆದರೆ ನೀವು ನಿಕ್ಕಲ್ ಮತ್ತು ಕ್ರೋಮ್ ಎರಡನ್ನೂ ‘ಬಿಳಿ ಲೇಪ’ ಎಂದು ಒಂದೇ ಮಾಡಿದ್ದೀರಿ. ನಿಕ್ಕಲ್‌ಗೆ ಸಣ್ಣಗೆ ಹಳದಿ ಬೆರೆತ ಬೆಚ್ಚನೆಯ ಹೊಳಪಿದೆ, ಗಾಳಿಗೆ ಮಂಕಾಗುತ್ತದೆ. ಕ್ರೋಮ್ ತಣ್ಣಗೆ, ನೀಲಿಗೆ ತಿರುಗಿದಂತೆ ಹೊಳೆಯುತ್ತದೆ. ಕ್ರೋಮ್ ಲೇಪ ಕಾರುಗಳಲ್ಲಿ ಬಳಕೆಗೆ ಬಂದದ್ದು 1920ರ ದಶಕದ ಉತ್ತರಾರ್ಧದಲ್ಲಿ. ಅದಕ್ಕಿಂತ ಹಿಂದಿನ ದೀಪ ಕ್ರೋಮಿನಲ್ಲಿ ಹೊಳೆಯುತ್ತಿದ್ದರೆ ಅದಕ್ಕೆ ಮರುಲೇಪ ಆಗಿದೆ ಎಂದೇ ತಿಳಿಯಬೇಕು.

ಶುಚಿ ಮಾಡುವ ವಿಧಾನದ ಬಗೆಗಿನ ನಿಮ್ಮ ಭಾಗವನ್ನು ಮಾತ್ರ ಯಾವ ಕಾರಣಕ್ಕೂ ಅಚ್ಚು ಮಾಡಲಾರೆ. ಹಿತ್ತಾಳೆಯ ಕಾರ್ಬೈಡ್ ದೀಪವನ್ನು (ಕಾರ್ಬೈಡಿಗೆ ನೀರು ಬಿದ್ದಾಗ ಹುಟ್ಟುವ ಅನಿಲದಿಂದ ಉರಿಯುವ ಹಳೆಯ ದೀಪ) ಹುಣಸೆಹಣ್ಣಿನಿಂದ ತಿಕ್ಕಿ ಎಂದಿದ್ದೀರಿ. ಹಬ್ಬದ ಹಿಂದಿನ ದಿನ ಬಿಂದಿಗೆ ಚೆಂಬುಗಳನ್ನು ನಾವು ಹಾಗೆ ಬೆಳಗುವುದು ಸರಿಯೇ. ಆದರೆ ದೀಪದ ಮೈಮೇಲೆ ನೂರು ವರ್ಷ ಕೂತ ಕಂದು ಪದರವೇ ಅದರ ವಯಸ್ಸಿನ ಸಾಕ್ಷಿ, ಮತ್ತು ಹುಳಿ ಬೆಸುಗೆಯ ಸಂದುಗಳಿಗೆ ಇಳಿದು ಒಳಗಿನಿಂದ ತಿನ್ನುತ್ತದೆ. ಇದಕ್ಕಿಂತ ದೊಡ್ಡ ಅಪಾಯ ಪ್ರತಿಫಲಕದ್ದು, ಅಂದರೆ ಬೆಳಕನ್ನು ಮುಂದಕ್ಕೆ ತಿರುಗಿಸುವ ಒಳಗಿನ ಬಟ್ಟಲಿನದ್ದು. ಲೋಹದ ಹಳೆಯ ಪ್ರತಿಫಲಕಗಳ ಮೇಲಿರುವುದು ನಿಜವಾದ ಬೆಳ್ಳಿಯ ತೆಳುವಾದ ಲೇಪ. ಹದಿನೆಂಟರ ವಯಸ್ಸಿನಲ್ಲಿ ನಮ್ಮ ಸೋದರಮಾವನ ಕಾರಿನ ದೀಪವನ್ನು ಬಿಚ್ಚಿ, ಪಾತ್ರೆಗೆ ಹಚ್ಚುವ ಪಾಲಿಷ್‌ನಿಂದ ಒಳಗನ್ನು ಉಜ್ಜಿದ್ದೆ. ಹತ್ತು ನಿಮಿಷದಲ್ಲಿ ಬೆಳ್ಳಿ ಬಟ್ಟೆಗೆ ಬಂದು ತಳದ ಹಿತ್ತಾಳೆ ಕಂಡಿತು. ಆ ನೋವು ಇಂದಿಗೂ ಹೋಗಿಲ್ಲ. ಅಂಥ ಪ್ರತಿಫಲಕಕ್ಕೆ ‘ಕ್ರೋಮ್ ಹಾಕಿಸಿದರೆ ಹೊಸದಾಗುತ್ತದೆ’ ಎಂಬ ನಿಮ್ಮ ಸಲಹೆ ಇನ್ನೂ ಕೆಟ್ಟದ್ದು: ಬೆಳ್ಳಿ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಪಾಲನ್ನು ಹಿಂದಿರುಗಿಸಿದರೆ, ಕ್ರೋಮ್ ಸುಮಾರು ಮೂರರಲ್ಲಿ ಎರಡು ಪಾಲನ್ನಷ್ಟೇ ಹಿಂದಿರುಗಿಸುತ್ತದೆ. ನೋಡಲು ಥಳಥಳ, ರಸ್ತೆಯಲ್ಲಿ ಮಂಕು. ಬಲ್ಲ ಸಂಗ್ರಾಹಕ ಕಂಡೊಡನೆ ಬೆಲೆ ಇಳಿಸುತ್ತಾನೆ.

ಈಗ ನಿಮ್ಮ ಲೇಖನದಲ್ಲಿ ನನಗೆ ನಿಜಕ್ಕೂ ಇಷ್ಟವಾದ ನಾಲ್ಕು ವಾಕ್ಯಗಳಿಗೆ ಬರುತ್ತೇನೆ. ಮೈಸೂರಿನ ಗುಜರಿ ಅಂಗಡಿಯೊಂದರಲ್ಲಿ ಎರಡು ಲ್ಯೂಕಾಸ್ ದೀಪಗಳು ಸಿಕ್ಕವು, ಒಂದರ ಮೇಲೆ ಎಸ್‌ಎಫ್‌ಟಿ 576, ಇನ್ನೊಂದರ ಮೇಲೆ ಎಸ್‌ಎಲ್‌ಆರ್ 576 ಎಂದಿತ್ತು, ‘ಜೋಡಿ ಅಲ್ಲದ್ದರಿಂದ’ ಅಗ್ಗಕ್ಕೆ ಬಂದವು ಎಂದು ಬರೆದು ಮುಂದೆ ಸಾಗಿಬಿಟ್ಟಿದ್ದೀರಿ. ಅಲ್ಲಿ ನಿಲ್ಲಬೇಕಿತ್ತು. ಎಫ್ ಎಂದರೆ ಫಾಗ್, ಅಂದರೆ ಮಂಜು; ಎಲ್‌ಆರ್ ಎಂದರೆ ಲಾಂಗ್ ರೇಂಜ್, ಅಂದರೆ ದೂರ. ಬ್ರಿಟನ್ನಿನ ಮಾಲೀಕರು ಕಾರಿನ ಮುಂಬದಿಯಲ್ಲಿ ರಸ್ತೆಯಂಚಿನ ಕಡೆಗೆ ಮಂಜಿನ ದೀಪವನ್ನೂ ಇನ್ನೊಂದು ಕಡೆಗೆ ದೂರದ ದೀಪವನ್ನೂ ಹಾಕಿಸುವುದು ಸಾಮಾನ್ಯವಾಗಿತ್ತು. ನಿಮಗೆ ಸಿಕ್ಕಿದ್ದು ಒಡೆದ ಜೋಡಿಯಲ್ಲ, ಪ್ರಾಯಶಃ ಒಂದೇ ಕಾರಿನ ಮೇಲೆ ಒಟ್ಟಿಗೆ ಬಾಳಿದ ಜೋಡಿ. ಇವು ನೀವು ಬರೆದಂತೆ 1930ರ ದಶಕದವೂ ಅಲ್ಲ, ಎರಡನೆಯ ಮಹಾಯುದ್ಧದ ನಂತರದವು. ನೀವು ಬಳಸಿರುವ ‘ವಿಂಟೇಜ್’ ಪದಕ್ಕೂ ಎಲ್ಲೆಡೆ ಒಂದೇ ಅರ್ಥವಿಲ್ಲ: ಬ್ರಿಟನ್ನಿನ ಸಂಗ್ರಾಹಕರು 1930ರವರೆಗಿನ ಕಾರುಗಳನ್ನಷ್ಟೇ ‘ವಿಂಟೇಜ್’ ಎನ್ನುತ್ತಾರೆ. ನಮ್ಮ ದೇಶದ 2021ರ ನೋಂದಣಿ ನಿಯಮದ ಪ್ರಕಾರ 50 ವರ್ಷ ದಾಟಿದ ವಾಹನ ವಿಂಟೇಜ್. ನೀವು ಆ ಪದವನ್ನು ಯಾವ ಅರ್ಥದಲ್ಲಿ ಬಳಸುತ್ತಿದ್ದೀರಿ ಎಂಬುದನ್ನು ಆರಂಭದಲ್ಲೇ ಹೇಳಿ.

ನಕಲುಗಳ ಬಗ್ಗೆ ಒಂದು ಮಾತೂ ಇಲ್ಲದಿರುವುದು ಆಶ್ಚರ್ಯ. ಜಗತ್ತಿನ ಮಾರುಕಟ್ಟೆಯಲ್ಲಿ ಓಡಾಡುವ ಇಂಥ ದೀಪಗಳ ಪ್ರತಿಕೃತಿಗಳಲ್ಲಿ ಎಷ್ಟೋ ನಮ್ಮ ದೇಶದಲ್ಲೇ ತಯಾರಾಗುತ್ತವೆ. ಪ್ರತಿಕೃತಿ ಎಂದು ಹೇಳಿ ಮಾರಿದರೆ ಅದರಲ್ಲಿ ತಪ್ಪಿಲ್ಲ, ರಸ್ತೆಗಿಳಿಯುವ ಕಾರಿಗೆ ಅವು ಉಪಯುಕ್ತವೂ ಹೌದು. ಆದರೆ ಹಳೆಯದೆಂದು ಕೈಗಿಟ್ಟಾಗ ಗುರುತಿಸುವ ಬಗೆ ನಮ್ಮ ಓದುಗನಿಗೆ ಗೊತ್ತಿರಬೇಕು. ಅಸಲಿನಿಂದ ಅಚ್ಚು ತೆಗೆದು ಎರಕ ಹೊಯ್ದಾಗ ಅಕ್ಷರಗಳ ಅಂಚು ಮೊಂಡಾಗುತ್ತದೆ, ಲೋಹ ತಣಿದು ಕುಗ್ಗುವುದರಿಂದ ಅಳತೆ ಕೂದಲೆಳೆಯಷ್ಟು ಕಿರಿದಾಗುತ್ತದೆ. ಆ ಕಾಲದ ಬ್ರಿಟಿಷ್ ದೀಪದ ಸ್ಕ್ರೂಗಳಿಗೆ ನೇರ ಸೀಳಿದ್ದು ಎಳೆಗಳು ಬ್ರಿಟಿಷ್ ಅಳತೆಯವಾಗಿರುತ್ತವೆ. ಮೆಟ್ರಿಕ್ ನಟ್ಟು ಸಲೀಸಾಗಿ ಕೂತರೆ ಅನುಮಾನಿಸಬೇಕು. ನಿಮ್ಮ ಎರಡು ದೀಪಗಳ ಮೇಲೆ ಈ ಪರೀಕ್ಷೆಗಳನ್ನು ಒಂದೊಂದಾಗಿ ಮಾಡಿ, ಕಂಡದ್ದನ್ನು ಕಂಡಂತೆ ಬರೆಯಿರಿ. ಅಸಲಿ ಗಾಜು, ಅಸಲಿ ಬ್ರಾಕೆಟ್, ಕೆಡದ ಪ್ರತಿಫಲಕ, ಯಾವ ಕಾರಿನಿಂದ ಬಂದದ್ದೆಂಬ ದಾಖಲೆ, ಜೊತೆಗೆ ಜೋಡಿ: ಇವುಗಳಲ್ಲಿ ಯಾವುದು ಇದ್ದರೆ ಬೆಲೆ ಏರುತ್ತದೆ, ಯಾವುದು ಇಲ್ಲದಿದ್ದರೆ ಇಳಿಯುತ್ತದೆ ಎಂಬುದನ್ನು ಅದೇ ದೀಪಗಳನ್ನು ಕೈಯಲ್ಲಿ ಹಿಡಿದುಕೊಂಡು ಹೇಳಿದರೆ ಬೆಲೆಪಟ್ಟಿಯ ಕೆಲಸ ತಾನಾಗಿ ಆಗುತ್ತದೆ.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಅತ್ಯದ್ಭುತ’, ‘ಅಮೂಲ್ಯ’ ಎಂಬ ಪದಗಳನ್ನು ಎಲ್ಲೆಡೆ ಅಳಿಸಿ. ಬೆಲೆ ಕಟ್ಟುವ ಲೇಖನದಲ್ಲಿ ‘ಅಮೂಲ್ಯ’ ಎಂದರೆ ಏನನ್ನೂ ಹೇಳಿದಂತಾಗುವುದಿಲ್ಲ.

ಎರಡನೆಯ ಕರಡಿನೊಂದಿಗೆ ದೀಪಗಳ ಹಿಂಬದಿ, ಬ್ರಾಕೆಟ್, ಬಲ್ಬಿನ ಹಿಡಿಕೆ ಮತ್ತು ಗಾಜಿನ ಅಂಚಿನ ಚಿತ್ರಗಳನ್ನು ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆದು ಕಳುಹಿಸಿ. ಅದಕ್ಕಾಗಿ ಗಾಜನ್ನು ಬಿಚ್ಚುವಾಗ ಅಂಚಿನಲ್ಲಿರುವ ಹಳೆಯ ಗ್ಯಾಸ್ಕೆಟ್ ಪುಡಿಯಾಗಿ ಉದುರಬಹುದು. ಉದುರಿದ ಚೂರುಗಳನ್ನೂ ಒಂದು ಲಕೋಟೆಯಲ್ಲಿ ಹಾಕಿ ದೀಪದ ಜೊತೆಗೇ ಇಡಿ.

ಇಂತಿ,
ಸಂಪಾದಕ